ಮೇಡಂ ರಕ್ತದ ಸ್ಲೈಡು

ನಮ್ಮ ಲ್ಯಾಬ್ ಮೇಡಂ ಅವರ ಎಡಗೈ ಉಂಗುರದ ಬೆರಳಿನ ತುದಿ ಒರಟಾಗಿ, ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿಂದ ತುಂಬಿರುತ್ತಿತ್ತು. ತುಮಕೂರಿನಲ್ಲಿ ನಾನು ಬಯೋಮೆಡಿಕಲ್ ಸೈನ್ಸ್ ಓದುತ್ತಿದ್ದಾಗ, ರಕ್ತದ ಪ್ರಾಕ್ಟಿಕಲ್ ಇದ್ದಾಗಲೆಲ್ಲ ಅವರು ಮೊದಲು ಚುಚ್ಚುತ್ತಿದ್ದುದು ತಮ್ಮ ಆ ಬೆರಳನ್ನೇ. ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, "ನೋಡ್ರೇ, ನಾನೇನು ಸತ್ತೋಗ್ಲಿಲ್ಲ ತಾನೆ? ಈಗ ನೀವು ಚುಚ್ಕೊಳಿ" ಎಂದು ನಗುತ್ತಿದ್ದರು.

ನಾನೋ ಹುಟ್ಟಾ ಪುಕ್ಕಲಿ. ಚೇಳೂರಿನ ನಮ್ಮ ಮನೆಯಲ್ಲಿ ಈಳಿಗೆಮಣೆ ತಾಗಿ ಯಾರದೇ ಬೆರಳು ಕುಯ್ದರೂ ತಲೆ ತಿರುಗುತ್ತಿದ್ದುದು ನನಗೆ. ಸೀಟು ಸಿಕ್ಕಿದ ದಿನ ಅಮ್ಮ, "ರಕ್ತ ಕಂಡ್ರೆ ಬೀಳೋಳು ಇದನ್ನ ಓದ್ತೀಯೇನೇ? ಬುಡು, ಬಿ.ಕಾಂ. ಸೇರ್ಕೋ" ಅಂದಿದ್ದಳು. ಮೊದಲ ಪ್ರಾಕ್ಟಿಕಲ್‌ನಲ್ಲಿ ಸೂಜಿ ಹಿಡಿದು ಬೆವರುತ್ತಾ ನಿಂತಾಗ ಅಮ್ಮನ ಮಾತೇ ಸರಿ ಅನ್ನಿಸಿಬಿಟ್ಟಿತ್ತು. ಮೇಡಂ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದರು. "ಹೆದ್ರುಕೋ ಕಣೇ, ಯಾರು ಬೇಡ ಅಂದ್ರು? ಕೈ ಮಾತ್ರ ನಡುಗ್ಬಾರ್ದು ಅಷ್ಟೆ." ಹೆದರಲು ಅನುಮತಿ ಕೊಟ್ಟವರು ಅವರೊಬ್ಬರೇ. ಅದಕ್ಕೇ ನಾನು ಉಳಿದುಕೊಂಡೆ.

ಅವರು ದಿನಾ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಬೈಗುಳಕ್ಕೆ ಬರವಿರಲಿಲ್ಲ, ಮಧ್ಯಾಹ್ನ ತಮ್ಮ ಡಬ್ಬಿಯ ಚಿತ್ರಾನ್ನ ಹಂಚುವುದಕ್ಕೂ ಬರವಿರಲಿಲ್ಲ. ಅವರಿಗೆ ಮೈ ಉರಿಯುತ್ತಿದ್ದುದು ಒಂದೇ ವಿಷಯಕ್ಕೆ. ರಕ್ತದ ಕಣಗಳು ಕಾಣಲೆಂದು ಸ್ಲೈಡಿಗೆ ಬಣ್ಣ ಹಾಕಿದ ಮೇಲೆ ಅದನ್ನು ಬಫರ್ ಎಂಬ ಹದ ಮಾಡಿದ ನೀರಿನಲ್ಲಿ ತೊಳೆಯಬೇಕು. ನಮ್ಮಲ್ಲಿ ಸೋಮಾರಿಗಳು ಸುಮ್ಮನೆ ನಲ್ಲಿ ತಿರುಗಿಸಿಬಿಡುತ್ತಿದ್ದರು. ಅಲ್ಲಿ ಬರುತ್ತಿದ್ದುದು ಬೋರ್‌ವೆಲ್ಲಿನ ಗಡಸು ನೀರು. ಅದು ತಾಗಿತೋ, ಕಣಗಳೆಲ್ಲ ಕಪ್ಪುನೀಲಿಯಾಗಿ ಒಂದೂ ನೆಟ್ಟಗೆ ಗುರುತು ಸಿಗುತ್ತಿರಲಿಲ್ಲ. "ಚೆನ್ನಾಗಿರೋರ್ನ ಪೇಷೆಂಟ್ ಮಾಡ್ತೀರೇನ್ರೇ!" ಎಂದು ಕೂಗಾಡಿ ಸ್ಲೈಡನ್ನು ಕಸದ ಡಬ್ಬಕ್ಕೆಸೆಯುತ್ತಿದ್ದರು.

ಕೊನೆಯ ವರ್ಷ ಅವರು ಮೆಟ್ಟಿಲು ಹತ್ತುವಾಗ ಏದುಸಿರು ಬಿಡತೊಡಗಿದರು. ತೋಳಿನ ಮೇಲೆ ಹಸಿರುಗಟ್ಟಿದ ಕಲೆಗಳು ಕಂಡವು. ಕೇಳಿದರೆ, "ಬಸ್ಸಲ್ಲಿ ಕಂಬಿ ತಾಗ್ತು, ಬಿಡೇ" ಎನ್ನುತ್ತಿದ್ದರು. ಅಂಥ ಒಂದು ಬೆಳಿಗ್ಗೆ, ಅವರು ಎಂದಿನಂತೆ ಬೆರಳು ಚುಚ್ಚಿ ಮಾಡಿದ ಸ್ಲೈಡಿಗೆ ಬಣ್ಣ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತೊಳೆದು, ಒಣಗಿಸಿ, ಮೈಕ್ರೋಸ್ಕೋಪಿನಲ್ಲಿ ಇಟ್ಟೆ.

ಎಲ್ಲಿ ನೋಡಿದರೂ ದೊಡ್ಡ ದೊಡ್ಡ ಬಿಳಿ ಕಣಗಳು. ಎಳೆಯವು. ಮೂಳೆಯೊಳಗೇ ಬಲಿಯಬೇಕಾದವು, ಹೊರಗೆ ರಕ್ತದಲ್ಲಿ ಹೀಗೆ ಮುತ್ತಬಾರದವು. ಪುಸ್ತಕದಲ್ಲಿ ಇವುಗಳ ಚಿತ್ರ ನೋಡಿದ್ದೆ, ಅದರ ಕೆಳಗೆ ಬರೆದ ರಕ್ತದ ಕ್ಯಾನ್ಸರ್ ಎಂಬ ಹೆಸರನ್ನೂ ಓದಿದ್ದೆ. ಜಾಗ ಸರಿಸಿ ಸರಿಸಿ ನೋಡಿದೆ. ಎಲ್ಲ ಕಡೆಯೂ ಅವೇ.

"ಏನೇ, ಕಲ್ಲಾಗ್ಬಿಟ್ಟೆ? ಸರಿ ಆ ಕಡೆ" ಎಂದು ಮೇಡಂ ಬಂದು ಕಣ್ಣಿಟ್ಟರು. ತುಂಬಾ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಮುಖ ಸುಣ್ಣದ ಹಾಗಿತ್ತು.

"ನಲ್ಲಿ ನೀರಲ್ಲಿ ತೊಳೆದ್ಯಾ?"

ಬೈಗುಳದ ದನಿಯಲ್ಲ. ಯಾರಿಗೂ ಕೇಳದಂತೆ ಮತ್ತೆ ಕೇಳಿದರು. "ನಿಜ ಹೇಳೇ, ಬಯ್ಯಲ್ಲ. ನಲ್ಲಿ ನೀರು ತಾನೇ?"

ಅಂಗಲಾಚುತ್ತಿದ್ದರು. ಹೂಂ ಎಂಬ ಮಾತು ನಾಲಿಗೆ ತುದಿಯಲ್ಲೇ ಕುಣಿಯುತ್ತಿತ್ತು. ಹೂಂ ಅಂದರೆ ಅವರು ನನ್ನನ್ನು ಬಯ್ದು, ಸ್ಲೈಡು ಎಸೆದು, ಮಧ್ಯಾಹ್ನ ಚಿತ್ರಾನ್ನ ಹಂಚುತ್ತಾರೆ. ಇಲ್ಲ ಅಂದರೆ ಏನಾಗುತ್ತದೋ ನನಗೆ ಗೊತ್ತಿತ್ತು. ಅಷ್ಟು ಹೆದರಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಇಲ್ಲ ಮೇಡಂ. ಬಫರ್‌ನಲ್ಲೇ ತೊಳೆದೆ."

ಅವರು ಸ್ಟೂಲಿನ ಮೇಲೆ ಕುಳಿತರು. ನನ್ನ ಕೈ ಹಿಡಿದುಕೊಂಡರು. ನಡುಗುತ್ತಿದ್ದುದು ಅವರ ಕೈ. "ಭಯ ಆಗ್ತಿದೆ ಕಣೇ" ಅಂದರು. ಕ್ಲಾಸಿಗೆ ಕ್ಲಾಸೇ ಆ ಕಡೆ ತನ್ನ ಪಾಡಿಗೆ ಗಲಾಟೆ ಮಾಡುತ್ತಿತ್ತು. ನಾನು ಆ ಕೈಯನ್ನು ಬಿಡಲಿಲ್ಲ.

ಆ ವಾರವೇ ಅವರು ಬೆಂಗಳೂರಿನ ಆಸ್ಪತ್ರೆಗೆ ಸೇರಿದರು. ಪರೀಕ್ಷೆ ಮುಗಿಸಿ ನಾನು ಕುಣಿಗಲ್ಲಿನ ಅವರ ಮನೆಗೆ ಹೋದಾಗ ತಲೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಹೈಸ್ಕೂಲಿನ ಮಗಳು. ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. "ಅವತ್ತು ನೀನು ಹೂಂ ಅಂದಿದ್ರೆ ನಂಬ್ಬಿಡ್ತಿದ್ದೆ ಕಣೇ. ನಂಬೋಕೆ ರೆಡಿಯಾಗೇ ಇದ್ದೆ. ಇನ್ನೊಂದು ತಿಂಗ್ಳು ಹಂಗೇ ತಳ್ಳಿದ್ರೆ ಡಾಕ್ಟ್ರು ಕೈಗೂ ಸಿಕ್ತಿರ್ಲಿಲ್ವಂತೆ." ಮಗಳ ಜಡೆ ಸವರುತ್ತಾ, "ಇವಳ್ನ ಕಾಲೇಜಿಗೆ ಸೇರ್ಸಿಬಿಟ್ರೆ ಸಾಕು" ಅಂದರು. ಸೇರಿಸಿಯೂ ಬಿಟ್ಟರು. ಆಮೇಲೆ ಆ ಕಾಯಿಲೆ ಮರಳಿ ಬಂತು.

ಆ ಮಗಳು ಫೋನ್ ಮಾಡಿದಾಗ ನಾನು ಗುಬ್ಬಿಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದೆ. "ಅಕ್ಕಾ, ಅಮ್ಮ ಹೋಗ್ಬಿಟ್ರು" ಅಂದಳು. ಮೈಕ್ರೋಸ್ಕೋಪಿನಲ್ಲಿ ಅರ್ಧ ನೋಡಿದ ಸ್ಲೈಡೊಂದಿತ್ತು, ಜ್ವರ ಬಿಡದ ಮಗುವಿನದು. ಕಿಟಕಿಯಾಚೆ ಅದರ ತಾಯಿ ನನ್ನ ಮುಖವನ್ನೇ ನೋಡುತ್ತಾ, "ಏನೂ ಇಲ್ಲ ಅಲ್ವಾ ಮೇಡಂ?" ಎಂದಳು. ಕಣ್ಣು ಮಂಜಾಗಿತ್ತು. "ತಾಳಮ್ಮ, ಪೂರ್ತಿ ನೋಡಿ ಹೇಳ್ತೀನಿ" ಅಂದೆ. ಮುಖ ತೊಳೆದುಕೊಂಡು ಬಂದು ಮತ್ತೆ ಮೊದಲಿಂದ ನೋಡಿದೆ. ಮಗುವಿನ ರಕ್ತದಲ್ಲಿ ಅಂಥದ್ದೇನೂ ಇರಲಿಲ್ಲ. ಅದನ್ನು ಆ ತಾಯಿಗೆ ಹೇಳಿ, ಕುಣಿಗಲ್ಲಿಗೆ ಹೊರಟೆ.