ಚೀಪದ ಕರುವಿನ ಬಳಿ ಫೆನ್ನಾ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ರೈತ ವೊಬ್ಬೆಯ ಕೊಟ್ಟಿಗೆಯಲ್ಲಿ ಫೆನ್ನಾ ಹುಲ್ಲಿನ ಮೇಲೆ ಕುಳಿತಿದ್ದಾಳೆ. ತೊಡೆಯ ಮೇಲೆ ಈಗಷ್ಟೇ ಹುಟ್ಟಿದ ಹೆಣ್ಣುಗರುವಿನ ತಲೆ. ಗಿಣ್ಣುಹಾಲಿನಲ್ಲಿ ಅದ್ದಿದ ಬೆರಳನ್ನು ಅದರ ಬಾಯಿಗಿಡುತ್ತಾಳೆ. ಕರು ಚೀಪುವುದಿಲ್ಲ. ಕಣ್ಣು ತೆರೆದೇ ಇದೆ. ಟಾರ್ಚ್ ಹಿಡಿದರೂ ರೆಪ್ಪೆ ಅಲುಗದು.

"ಆಚೆ ಸರಿಯೋ ವೊಬ್ಬೆ, ನೀನೇ ಹೆತ್ತವನ ಥರ ಏದುಸಿರು ಬಿಡ್ಬೇಡ," ಎನ್ನುತ್ತಾಳೆ.

ಫ್ರೀಸ್‌ಲ್ಯಾಂಡಿನ ನಮ್ಮ ಕಾಲುವೆ ದಂಡೆಯಲ್ಲಿ ಕರು ಹಾಲು ಮುಟ್ಟದಿದ್ದರೆ ಮೊದಲು ಕರೆ ಹೋಗುವುದು ಫೆನ್ನಾಗೆ. ಗಂಡ ತೀರಿದ ಮೇಲೆ ಸ್ವಂತ ಹಸುಗಳನ್ನು ಮಾರಿ, ಊರವರ ಕರುಗಳಿಗೆ ಕುಡಿಯಲು ಕಲಿಸುತ್ತ ಬದುಕಿದವಳು. ತಣ್ಣೀರಿಗೆ ಬೆರಳ ಗೆಣ್ಣುಗಳು ಬಾತಿವೆ.

ನಮ್ಮಲ್ಲಿ ಹೆಣ್ಣುಗರುವಿಗೆ ತಾಯಿಯ ಹೆಸರೇ. ಆದರೆ ಮೊದಲ ಗುಟುಕು ಇಳಿಯುವ ತನಕ ಫೆನ್ನಾ ಯಾರಿಗೂ ಹೆಸರಿಡಲು ಬಿಡಳು. ವೊಬ್ಬೆಯ ಹಸು ಕ್ಲಾಸ್ಕೆ ಅವನ ಅಜ್ಜಿ ಸಾಕಿದ ಸಂತತಿಯಲ್ಲಿ ಉಳಿದ ಕೊನೆಯದು. ಅದಕ್ಕೂ ವಯಸ್ಸಾಯಿತು, ಇನ್ನು ಗಬ್ಬ ನಿಲ್ಲದು. ಈ ಕರು ಹೋದರೆ ಆ ಹೆಸರೂ ಹಟ್ಟಿಯಿಂದ ಹೋದಂತೆ.

ಬೇಸಿಗೆಯ ಕೊನೆಗೆ ನುಸಿಗಳು ಹರಡಿದ ನೀಲಿನಾಲಿಗೆ ರೋಗ ಗಬ್ಬದ ಕ್ಲಾಸ್ಕೆಗೂ ತಗುಲಿತ್ತು. ತಾಯಿ ಚೇತರಿಸಿಕೊಂಡಿತು, ಒಡಲೊಳಗಿನದು ಚೇತರಿಸಿಕೊಳ್ಳಲಿಲ್ಲ. ಇಂಥ ಕರುಗಳ ಬುರುಡೆಯಲ್ಲಿ ಮಿದುಳು ಇರಬೇಕಾದಲ್ಲಿ ಬರೀ ನೀರು. ಈ ಚಳಿಗಾಲ ಫೆನ್ನಾಳ ಮಡಿಲಿಗೆ ಬಂದ ಅಂಥವುಗಳಲ್ಲಿ ಒಂದೂ ಉಳಿದಿಲ್ಲ.

ಒಮ್ಮೆಲೇ ನಾಲಿಗೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಒಂದು ಗುಟುಕು ಇಳಿಯುತ್ತದೆ.

"ಕುಡೀತು! ನನ್ನ ಕ್ಲಾಸ್ಕೆ ಕುಡೀತು ಕಣೇ!" ವೊಬ್ಬೆ ಹೆಸರಿಟ್ಟೇಬಿಟ್ಟ.

ಫೆನ್ನಾ ತಲೆ ಎತ್ತುವುದಿಲ್ಲ. "ಹಾಗೆ ಕರೀಬೇಡಪ್ಪ. ನಾಲಿಗೆ ತನ್ನಷ್ಟಕ್ಕೆ ತಾನು ಮಾಡಿದ್ದು ಅದು. ಒಳಗೆ ಯಾರೂ ಇಲ್ಲ."

ಮುಂದಿನ ಹಾಲು ಕಟಬಾಯಿಂದ ಹೊರಗೇ ಸುರಿಯುತ್ತದೆ.

ಬೆಳಗಾಗುತ್ತಲೇ ಬಂದ ಪಶುವೈದ್ಯೆ ಕರುವಿನ ಕಣ್ಣು ನೋಡಿ ದಯಾಮರಣದ ಸೂಜಿಗೆ ಚೀಲ ಬಿಚ್ಚುತ್ತಾಳೆ.

"ಇನ್ನೊಂದು ಸಲ ನೋಡಮ್ಮಾ, ನಿನ್ನ ದಮ್ಮಯ್ಯ," ಎನ್ನುತ್ತಾನೆ ವೊಬ್ಬೆ.

"ಸಾಕೋ," ಎನ್ನುತ್ತಾಳೆ ಫೆನ್ನಾ. "ಅದಕ್ಕೆ ಹಸಿವು ಅನ್ನೋದೇ ಗೊತ್ತಿಲ್ಲ. ಸಂಕಟ ಪಡ್ತಿರೋನು ನೀನು."

ಸೂಜಿ ಇಳಿಯುವಾಗ ಫೆನ್ನಾ ಕರುವಿನ ತಲೆಯನ್ನು ಮಡಿಲಿನಿಂದ ಸರಿಸುವುದಿಲ್ಲ. ಪ್ರಾರ್ಥನೆಗೆ ಅವಳ ತುಟಿ ಮಾತ್ರ ಅಲುಗುತ್ತದೆ. ಬೇಲಿಯಾಚೆ ತಾಯಿ ಕ್ಲಾಸ್ಕೆ ಕೂಗುತ್ತಲೇ ಇದೆ. ವೊಬ್ಬೆ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ.

ಆಮೇಲೆ ಕ್ಲಾಸ್ಕೆಯ ಬಿಗಿದ ಕೆಚ್ಚಲು ಹಿಂಡಲು ಫೆನ್ನಾಳೇ ಹೋಗುತ್ತಾಳೆ. ಆಗ ದೇವರಲ್ಲಿ ನೀನು ಏನು ಕೇಳಿಕೊಂಡೆ ಎಂದು ಪಕ್ಕದಲ್ಲಿದ್ದ ನಾನು ಕೇಳಿದೆ.

"ದೊಡ್ಡದೇನಿಲ್ಲ. ಮುಂದಿನ ಹಟ್ಟೀಲಾದ್ರೂ ಒಂದು ಕರು ಹಾಲಿಗಾಗಿ ನನ್ನ ಮೊಣಕಾಲಿಗೆ ಗುಮ್ಮಿ ಬಕೆಟ್ಟು ಉರುಳಿಸ್ಲಿ. ಬೈಯಲ್ಲ ಅಂತ ಮಾತು ಕೊಟ್ಟಿದ್ದೀನಿ."