ಲ್ಯಾಪ್‌ಟಾಪ್ ಬಿಚ್ಚಿದ ದಿನ

ಆಗ ನಾನು ರಾಯಬಾಗದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆಗೆ ಇದ್ದ ಒಂದೇ ಕಂಪ್ಯೂಟರ್ ಹೆಡ್‌ಮಾಸ್ತರರ ಕೋಣೆಯಲ್ಲಿ ಬೀಗದೊಳಗೆ ಇರುತ್ತಿತ್ತು. ಹೀಗಾಗಿ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಆಗಬೇಕು. ಕೊಂಡು ಏಳು ವರ್ಷವಾಗಿತ್ತು. ನಮ್ಮ ಗಣಿತದ ಮಾಸ್ತರರು ಮಗಳ ಮದುವೆಗೆ ಪರಿಚಯ ಪತ್ರ ಮಾಡಿಕೊಳ್ಳಬೇಕೆಂದು ಅದನ್ನು ಎರಡು ದಿನಕ್ಕೆ ಒಯ್ದರು.

ಅವರು ಇಡೀ ದಿನ ಗುಟ್ಕಾ ಜಗಿಯುವವರು. ಬಾಯಿಯೊಳಗಿನ ರಸ ಚೆಲ್ಲಬಾರದೆಂದು ಮುಖ ಮೇಲೆತ್ತಿ ಮಾತಾಡುತ್ತಿದ್ದರು. ಲ್ಯಾಪ್‌ಟಾಪ್ ತಿರುಗಿ ಬಂದಾಗ ಅದರ ಮುಚ್ಚಳದ ಅಂಚಿಗೆ ಒಂದು ಕೆಂಪು ಚುಕ್ಕೆ ಇತ್ತು. ನಾನು ಅದನ್ನು ಉಗುರಿನಿಂದ ಕೆರೆದು, ಆ ಬೆರಳನ್ನು ಮೂರು ಸಲ ಸಾಬೂನು ಹಚ್ಚಿ ತೊಳೆದೆ.

ವಾರದೊಳಗೆ ಟಚ್‌ಪ್ಯಾಡ್ ನಿಂತುಹೋಯಿತು. ಬೆರಳು ಎಷ್ಟು ಉಜ್ಜಿದರೂ ಬಾಣದ ಗುರುತು ಪರದೆಯ ನಡುವೆ ಸತ್ತ ನೊಣದ ಹಾಗೆ ಕೂತಿತ್ತು. ಮರುದಿನ ಕೀಲಿಮಣೆಯ ಕೀಲಿಗಳೂ ಕೈಕೊಟ್ಟವು. ಕೆಲವು ಒತ್ತಿದರೆ ಏನೂ ಮೂಡುತ್ತಿರಲಿಲ್ಲ, ಇನ್ನು ಕೆಲವು ಒಳಗೆ ಹೋದರೆ ಮೇಲೆ ಬರುತ್ತಿರಲಿಲ್ಲ. ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಟಚ್‌ಪ್ಯಾಡ್ ಬಂದ್ ಮಾಡುವ ಒಂದು ಕೀಲಿ ಇರುತ್ತದೆ, ತಪ್ಪಿ ಒತ್ತಿರಬಹುದು ಎಂದು ಯಾರೋ ಹೇಳಿದರು. ಅದನ್ನೂ ಒತ್ತಿ ನೋಡಿದೆ. ಹೊರಗಿನಿಂದ ಮೌಸ್ ಸಿಕ್ಕಿಸಿದರೆ ಬಾಣ ಸರಿಯಾಗಿ ಓಡಾಡಿತು. ಅಂದರೆ ಯಂತ್ರ ಬದುಕಿದೆ, ಕೆಟ್ಟದ್ದು ಕೈ ಮುಟ್ಟುವ ಜಾಗ ಮಾತ್ರ. ಕೊನೆಗೆ ಹಾಳೆ ಹಾಸಿ, ಅದರ ಮೇಲೆ ಬೋರಲು ಹಿಡಿದು ತಟ್ಟಿದೆ. ಅವಲಕ್ಕಿ ಚೂರು, ಕೂದಲು, ಯಾರದೋ ಕಚ್ಚಿದ ಉಗುರು, ಜೊತೆಗೆ ಒಂದಿಷ್ಟು ಕಪ್ಪು ಪುಡಿ ಉದುರಿತು. ಆ ಪುಡಿ ಹತ್ತಿರದ ಸಕ್ಕರೆ ಕಾರ್ಖಾನೆಯ ಚಿಮಣಿಯ ಬೂದಿ ಇರಬೇಕೆಂದುಕೊಂಡೆ. ಕಬ್ಬಿನ ಹಂಗಾಮಿನಲ್ಲಿ ಅದು ಒಣಹಾಕಿದ ಬಟ್ಟೆಯ ಮೇಲೂ ಬೀಳುತ್ತದೆ.

ಮುಚ್ಚಳದ ಮೇಲಿದ್ದ ಆ ಕೆಂಪು ಚುಕ್ಕೆ ನೆನಪಾಯಿತು. ನೇರ ಸ್ಟಾಫ್ ರೂಮಿಗೆ ಹೋಗಿ ಎಲ್ಲರೆದುರೇ ಗಣಿತದ ಮಾಸ್ತರರಿಗೆ ಅಂದೆ: “ಸರ್, ನಿಮ್ಮ ಬಾಯಾಗಿನ ಹೊಲಸ ನನ್ನ ಲ್ಯಾಪ್‌ಟಾಪಿನ್ಯಾಗ ಇಳದೈತಿ. ಮುಟ್ಟಾಕ ಹೇಸಿಕಿ ಬರತೈತಿ.”

ಅವರು ಎದ್ದು ಕಿಟಕಿಯ ಹೊರಗೆ ಉಗುಳಿ ಬಂದು ಮೆಲ್ಲಗೆ ಹೇಳಿದರು: “ಗುಟ್ಕಾ ತಿಂತೀನ್ರಿ ಮೇಡಂ, ಖರೆ. ಆದ್ರ ಅದನ್ನ ಮುಟ್ಟೂ ಮುಂದ ಬಾಯಿ ತೊಳಕೊಂಡ ಕುಂತೀನ್ರಿ.”

“ಹಂಗಾದ್ರ ಅದು ಯಾರದು, ನನ್ನ ಉಗುಳೇನು?” ಎಂದೆ. ಯಾರೋ ನಕ್ಕರು. ಅವರು ತಲೆ ತಗ್ಗಿಸಿ ಮಕ್ಕಳ ವಹಿ ತಿದ್ದತೊಡಗಿದರು. ಆ ಸಂಜೆ ಮನೆಯಲ್ಲಿ ಇದನ್ನು ಅತ್ತೆಗೆ ಬಣ್ಣಿಸಿ ಹೇಳಿದೆ, ದೊಡ್ಡ ಪರಾಕ್ರಮ ಮಾಡಿದವಳ ಹಾಗೆ.

ಶನಿವಾರ ಅತ್ತೆಯ ಕಣ್ಣು ತೋರಿಸಲು ಚಿಕ್ಕೋಡಿಗೆ ಹೋಗುವುದಿತ್ತು. ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕಿಕೊಂಡೆ. ಕಣ್ಣಿನ ಡಾಕ್ಟರ್ ಮುಗಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಬಂದೆವು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅತ್ತೆ ಸೆರಗನ್ನು ಹಣೆಯ ಮೇಲೆಳೆದುಕೊಂಡು ಸ್ಟೂಲಿನ ಮೇಲೆ ಕೂತರು.

ಅಂಗಡಿಯವನು ಮಡಿಯಾಗಿ ಕೆಲಸ ಮಾಡುವ ಮನುಷ್ಯ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ತಿರುಪುಗಳನ್ನು ಬಿಚ್ಚಿ ಸಾಲಾಗಿ ಇಟ್ಟ. ಕೆಳಗಿನ ಮುಚ್ಚಳ ತೆಗೆದಾಗ ಬ್ಯಾಟರಿ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು.

“ಇದ ನೋಡ್ರಿ ಅಕ್ಕಾರ, ಇದು ಉಬ್ಬಿ ಟಚ್‌ಪ್ಯಾಡಿಗೆ ಕೆಳಗಿಂದ ಒತ್ತಾಕತ್ತೈತಿ. ಅದಕ್ಕ ಅದು ಕೆಲಸ ಬಿಟ್ಟೈತಿ. ಹಳೇದಾದ್ರ ಹಿಂಗ ಆಗತೈತಿ, ಯಾರ ತಪ್ಪೂ ಅಲ್ಲ.”

ಆಮೇಲೆ ಕೀಲಿಗಳನ್ನು ಒಂದೊಂದಾಗಿ ಎಬ್ಬಿಸಿದ. ಕೆಳಗೆ ಕಂದುಗಪ್ಪು ರಾಡಿ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಜಿರಳೆಯ ಕಾಲುಗಳು ಸಿಕ್ಕಿಕೊಂಡಿದ್ದವು. ಬ್ರಶ್ಶಿನಿಂದ ಸ್ವಲ್ಪ ಕೆರೆದು ಮೂಸಿ ಅವನು ಮುಖ ತಿರುವಿದ.

“ಗುಟ್ಕಾ ಅಲ್ಲೇನ್ರಿ?” ಎಂದೆ.

“ಅಲ್ರಿ. ಗುಟ್ಕಾ ಆಗಿದ್ರ ಅಡಿಕಿ ಚೂರ ಇರತಿದ್ದು. ಇದು ಮಿಶ್ರಿ. ಹಲ್ಲಿಗೆ ತಿಕ್ಕಿದ ಬೆರಳ ತೊಳೀದ ಹಂಗ ಒತ್ತ್ಯಾರ. ವರ್ಷಗಟ್ಲೆ ಕುಂತ ಹೊಲಸು.”

ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ನನ್ನ ತವರು ನಿಪ್ಪಾಣಿ. ಅವ್ವ ಬೀಡಿ ಕಟ್ಟುತ್ತಿದ್ದಳು, ಓಣಿಯ ಹೆಂಗಸರೆಲ್ಲ ಬೆಳಗಾದರೆ ಮಿಶ್ರಿ ತಿಕ್ಕುವವರೇ. ಹಲ್ಲು ನೋವೆಂದು ಹದಿಮೂರನೆಯ ವಯಸ್ಸಿಗೆ ಅವ್ವನೇ ನನ್ನ ಬಾಯಿಗೆ ಹಚ್ಚಿದ್ದಳು. ಆಮೇಲೆ ಬಿಡಲಾಗಲಿಲ್ಲ. ಬಿ.ಎಡ್. ಮುಗಿಸಿದೆ, ನೌಕರಿ ಸಿಕ್ಕಿತು, ಮಕ್ಕಳಿಗೆ ತಂಬಾಕಿನ ಕೇಡಿನ ಮೇಲೆ ಪ್ರಬಂಧ ಬರೆಸಿದೆ. ಪ್ರತಿದಿನ ನಸುಕಿನಲ್ಲಿ, ಮನೆಯವರು ಏಳುವ ಮೊದಲು, ಎಡಗೈಯ ತೋರುಬೆರಳಿನಿಂದ ಮಿಶ್ರಿ ತಿಕ್ಕುತ್ತಲೇ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ. ರಾಡಿ ಇದ್ದದ್ದೂ ಕೀಲಿಮಣೆಯ ಎಡಗಡೆಗೇ.

ಅಂಗಡಿಯವನಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ಸ್ಟೂಲಿನ ಮೇಲಿನ ಮುದುಕಿಯನ್ನು ನೋಡಿ ನಕ್ಕ. “ಯಾಕ ಆಯೀ, ಮಿಶ್ರಿ ತಿಕ್ಕೋತ ಕಂಪ್ಯೂಟರ್ ಕಲಿಯಾಕತ್ತಿದ್ರೇನು?”

ನನ್ನ ಅತ್ತೆ ಜೀವನದಲ್ಲಿ ತಂಬಾಕು ಮುಟ್ಟಿದವರಲ್ಲ. ಬಸ್ಸಿನಲ್ಲಿ ಪಕ್ಕದವರು ಎಲೆ ಅಡಿಕೆ ತೆಗೆದರೆ ಎದ್ದು ನಿಲ್ಲುವವರು. ಅವರು ಸೆರಗನ್ನು ಸ್ವಲ್ಪ ಸರಿಸಿ, “ಹೌದಪಾ ತಮ್ಮಾ. ಮೊಮ್ಮಕ್ಕಳಿಗೆ ಚಿತ್ರ ಹಾಕಿ ಕೊಡತಿದ್ದೆ. ತಪ್ಪಾತು” ಅಂದರು.

ನಾನು ಬಾಯಿ ತೆರೆಯಲಿಲ್ಲ. ಅವನು ಬ್ರಶ್ ಆಡಿಸುತ್ತ ಬಾಯಿಯ ಹುಣ್ಣು, ಕ್ಯಾನ್ಸರ್, ಎಲ್ಲ ಹೇಳಿದ. ಅತ್ತೆ ತಲೆ ಅಲ್ಲಾಡಿಸುತ್ತ ಕೇಳಿದರು. ಕೆಲಸ ಮುಗಿದ ಮೇಲೆ ಅವನು ನಮ್ಮೆದುರೇ ಎರಡು ಸಲ ಕೈ ತೊಳೆದುಕೊಂಡ. ಹೊಸ ಬ್ಯಾಟರಿ, ಹೊಸ ಕೀಲಿಮಣೆ ತರಿಸಬೇಕು, ಬುಧವಾರ ಬರ್ರಿ ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನೇ ಕೇಳಿದೆ: “ನಿಮಗ ಯಾವಾಗಿಂದ ಗೊತ್ರಿ ಅತ್ತಿ?”

“ನೀ ಸೊಸಿಯಾಗಿ ನಡ್ಯಾಕ ಬಂದ ಮೊದಲನೇ ವರ್ಷದಾಗನ.”

“ಮತ್ತ ಒಂದ ದಿನಾನೂ ಅನ್ನಲಿಲ್ಲಲ್ರಿ.”

“ಅದರ ಮಾತ ಎತ್ತಾಕೂ ಹೇಸಿಕಿ ನನಗ. ಇವತ್ತ ನೀ ಸಾಲಿ ಕಲಸಾಕಿ ಅಂತ ನನ್ನ ಮ್ಯಾಲ ಹಾಕ್ಕೊಂಡೆ. ನನ್ನ ಯಾರ ಕೇಳತಾರ? ಆದ್ರ ನಾ ಹೌದು ಅಂದ ಕೂಡಲೆ ನೀ ಸುಮ್ಮನ ಕುಂತಿ ನೋಡು, ಅದು ಮಿಶ್ರಿಗಿಂತ ಹೆಚ್ಚ ಹೇಸಿಕಿ ಅನಿಸ್ತು. ಆ ಮಾಸ್ತರಗ ಹೋಗಿ ಖರೆ ಹೇಳು.”

ಸೋಮವಾರ ಗಣಿತದ ಮಾಸ್ತರರನ್ನು ಮೆಟ್ಟಿಲ ಹತ್ತಿರ ತಡೆದು, “ಸರ್, ಬ್ಯಾಟರಿ ಉಬ್ಬಿತ್ತಂತ್ರಿ. ನಿಮ್ಮದೇನೂ ತಪ್ಪಿಲ್ಲ” ಎಂದೆ. ಅಷ್ಟೇ ಹೇಳಿದೆ. ಬೈದದ್ದು ಎಲ್ಲರೆದುರು, ತಪ್ಪಿಲ್ಲ ಎಂದದ್ದು ಯಾರೂ ಇಲ್ಲದಾಗ. ಅವರಿಗೆ ಅಷ್ಟರಿಂದಲೇ ಎಷ್ಟು ಸಂತೋಷವಾಯಿತೆಂದರೆ, ತಾವೇ ಸ್ಟಾಫ್ ರೂಮಿಗೆ ಹೋಗಿ ಬ್ಯಾಟರಿಯ ಕಥೆಯನ್ನು ಎಲ್ಲರಿಗೂ ಹೇಳಿದರು. ಮರುತಿಂಗಳು ಮಗಳ ಸಂಬಂಧ ಗಟ್ಟಿಯಾದಾಗ ಮೊದಲ ಪೇಡೆ ನನಗೇ ಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡೆ.

ಮನೆಯಲ್ಲಿ ಅತ್ತೆ “ಹೇಳಿದೇನು?” ಎಂದು ಕೇಳಿದಾಗ “ಹೇಳಿದೆ” ಅಂದೆ. ಅವರು ನನ್ನ ಮುಖ ನೋಡಿ ಒಳಗೆ ಹೋದರು.

ಪಶ್ಚಾತ್ತಾಪದಿಂದ ಮಿಶ್ರಿ ಬಿಟ್ಟೆ ಎಂದು ಬರೆಯಲು ಆಸೆಯಿದೆ. ಹಾಗಾಗಲಿಲ್ಲ. ಇನ್ನೆರಡು ವರ್ಷ ತಿಕ್ಕಿದೆ. ವಸಡು ಕೊಳೆತು ಎರಡು ಹಲ್ಲು ಕೀಳಿಸಿದ ಮೇಲೆ, ಹೆದರಿ ಬಿಟ್ಟೆ.

ಮಿಶ್ರಿ ಗೊತ್ತಿದ್ದೂ ಅಷ್ಟು ವರ್ಷ ನನ್ನ ಕೈಯ ನೀರನ್ನೇ ಕುಡಿದಿದ್ದ ಅತ್ತೆ, ಚಿಕ್ಕೋಡಿಯಿಂದ ಬಂದ ಮರುದಿನದಿಂದ ತಮ್ಮ ಕುಡಿಯುವ ನೀರನ್ನು ತಾವೇ ತುಂಬಿಕೊಳ್ಳತೊಡಗಿದರು. ನಾನು ಕೊಟ್ಟ ತಂಬಿಗೆಯನ್ನು ಬೇಡವೆನ್ನುತ್ತಿರಲಿಲ್ಲ, ಇಸಿದುಕೊಂಡು ಪಕ್ಕಕ್ಕೆ ಇಡುತ್ತಿದ್ದರು. ಆಮೇಲೆ ಗೋಡೆ ಹಿಡಿದು ನಿಧಾನವಾಗಿ ಅಡುಗೆಮನೆಗೆ ಹೋಗುತ್ತಿದ್ದರು.