ಬೋರ್ಡ್ ಮಾತ್ರ ಬದಲಾಗಿದೆ ಎಂದಿದ್ದೆ

೧೯೯೮. ಬೇ ಏರಿಯಾದಲ್ಲಿ ವಕೀಲರ ಕಾಗದಪತ್ರಗಳನ್ನು ಕೋರ್ಟಿಗೆ ಸಲ್ಲಿಸುವುದು ನನ್ನ ಉದ್ಯೋಗ. ಕಾನೂನು ಓದಿದವನಲ್ಲ, ಕೌಂಟರುಗಳ ಮುಂದೆ ನಿಂತು ನಿಂತೇ ಕಲಿತವನು. ಆ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಂದು ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು: ಕೌಂಟಿಯ, ಅಂದರೆ ಜಿಲ್ಲೆಯ, ನ್ಯಾಯಾಧೀಶರು ಬಯಸಿದರೆ, ಸಣ್ಣ ಮೊಕದ್ದಮೆಗಳ ಮುನಿಸಿಪಲ್ ಕೋರ್ಟನ್ನು ದೊಡ್ಡದಾದ ಸುಪೀರಿಯರ್ ಕೋರ್ಟಿನೊಳಗೆ ಸೇರಿಸಬಹುದು. ನಮ್ಮ ಕೌಂಟಿಯವರು ಸೇರಿಸಿಯೇಬಿಟ್ಟರು. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ: "ಬೋರ್ಡ್ ಅಷ್ಟೇ ಚೇಂಜಾಗಿರೋದು. ಜಡ್ಜೂ ಅವರೇ, ಬಾಗಿಲೂ ಅದೇ."

ಕೆಲವೇ ತಿಂಗಳಲ್ಲಿ ಹಾಸನದ ನಾಗರತ್ನ ಬಂದರು. ಅಪಾರ್ಟ್‌ಮೆಂಟಿನಲ್ಲೇ ಡೇಕೇರ್ ನಡೆಸುತ್ತಿದ್ದ ಅವರನ್ನು ಒಕ್ಕಲೆಬ್ಬಿಸಲು ಮಾಲೀಕ ದಾವೆ ಹೂಡಿದ್ದ. ಕಂಪ್ಯೂಟರಿನವರು ಹೆಚ್ಚು ಬಾಡಿಗೆ ಕೊಡಲು ಸಾಲುಗಟ್ಟಿ ನಿಂತಿದ್ದ ಕಾಲ. ಉತ್ತರ ಸಲ್ಲಿಸಲು ಐದೇ ದಿನ. ತಪ್ಪಿದರೆ 'ಡಿಫಾಲ್ಟ್', ಅಂದರೆ ನಮ್ಮ ವಾದವನ್ನೇ ಕೇಳದೆ ತೀರ್ಪು. ಅವರ ವಕೀಲೆ ಬರೆದ ಉತ್ತರ ಐದನೆಯ ದಿನ ಮಧ್ಯಾಹ್ನ ನನ್ನ ಕೈಸೇರಿತು.

ಕೌಂಟರಿನಲ್ಲಿ ಉದ್ದದ ಕ್ಯೂ. ಬಾಗಿಲ ಪಕ್ಕದ ಡ್ರಾಪ್ ಬಾಕ್ಸಿಗೆ ಹಾಕಿ ಹೊರಟೆ. ನಾಲ್ಕರೊಳಗೆ ಹಾಕಿದರೆ ಅದೇ ದಿನದ ಸೀಲು ಬೀಳುತ್ತದೆ ಎಂಬುದು ವರ್ಷಗಳ ಅನುಭವ. ಆದರೆ ಕೋರ್ಟು ಒಂದಾದ ಮೇಲೆ ಆ ಬಾಕ್ಸಿನ ಕಾಗದಗಳು ವ್ಯಾನಿನಲ್ಲಿ ಮುಖ್ಯ ಕಚೇರಿಗೆ ಹೋಗಿ, ಮರುದಿನ ಸೀಲಾಗುತ್ತಿದ್ದವು. ಬಾಕ್ಸಿನ ಮೇಲೆಯೇ ನೋಟೀಸು ಅಂಟಿಸಿದ್ದರು. ಎಲ್ಲ ಗೊತ್ತಿದ್ದವನು ಅದನ್ನೇಕೆ ಓದುತ್ತಾನೆ? ಮರುದಿನ ಬಾಗಿಲು ತೆರೆಯುತ್ತಲೇ ಮಾಲೀಕನ ವಕೀಲ ಡಿಫಾಲ್ಟ್ ಪಡೆದುಕೊಂಡ.

ಕೌಂಟರಿನವಳೊಡನೆ ಚೌಕಾಸಿ ಮಾಡಿದೆ, ಆ ವಕೀಲನೊಡನೆಯೂ ಮಾಡಿದೆ. ಸೀಲಿನ ತಾರೀಖು ಚೌಕಾಸಿಗೆ ಬಗ್ಗುವುದಿಲ್ಲ. ಉಳಿದ ದಾರಿ ಒಂದೇ: ಡಿಫಾಲ್ಟ್ ರದ್ದು ಮಾಡಿ ಎಂದು ನ್ಯಾಯಾಧೀಶರನ್ನು ಕೇಳಿ, ತಪ್ಪು ನನ್ನದೆಂದು ಪ್ರಮಾಣ ಮಾಡಿ ಬರೆದುಕೊಡುವುದು. 'ಕೋರ್ಟಿನ ಹೊಸ ವ್ಯವಸ್ಥೆಯ ಗೊಂದಲದಿಂದ' ಎಂದು ಬರೆಯೋಣವೆಂದೆ. ನಾಗರತ್ನ ಒಪ್ಪಲಿಲ್ಲ.

"ಗೊಂದಲ ಎಲ್ಲಿತ್ತು ಅಣ್ಣ? ನೋಟೀಸು ನೀವು ಓದ್ಲಿಲ್ಲ. ಅದನ್ನೇ ಬರೀರಿ. ಮನೆ ಹೋದ್ರೆ ಎಂಟು ಮಕ್ಕಳನ್ನ ಎಲ್ಲಿ ಮಲಗಿಸ್ಲಿ ನಾನು?"

ಅದನ್ನೇ ಬರೆದೆ. ನ್ಯಾಯಾಧೀಶರು ಓದಿ, ಡಿಫಾಲ್ಟ್ ರದ್ದು ಮಾಡಿದರು. ಮೊದಲಿದ್ದ ನ್ಯಾಯಾಧೀಶರೇ, ನನ್ನ ಮಾತಿನಲ್ಲಿ ಅದೊಂದು ನಿಜವಾಗಿತ್ತು.

ಅದೇ ಉತ್ತರವನ್ನು ಮತ್ತೆ ಸಲ್ಲಿಸುವಾಗ ನಾಗರತ್ನ ಜೊತೆಗೇ ಬಂದರು. ಕ್ಯೂ ಉದ್ದವಿದೆ, ಮನೆಗೆ ಹೋಗಿ ಎಂದೆ. ಕದಲಲಿಲ್ಲ. ಸೀಲು ಬಿದ್ದ ಪ್ರತಿಯನ್ನು ನನಗಿಂತ ಮೊದಲು ಕೈಚಾಚಿ ತೆಗೆದುಕೊಂಡು ತಾರೀಖು ಓದಿದರು. ಮುಂದೆ ಕೇಸು ಗೆದ್ದು ಆ ಮನೆಯಲ್ಲೇ ಉಳಿದರು. ಅವರ ಕಾಗದ ಮಾತ್ರ ಮತ್ತೆಂದೂ ನನ್ನ ಕೈಗೆ ಬರಲಿಲ್ಲ.

ನಿಮಗೂ ಹೇಳುತ್ತೇನೆ: ಕೋರ್ಟಿಗೆ ಯಾರನ್ನೇ ಕಳುಹಿಸಿ, ಎಷ್ಟೇ ಪಳಗಿದವನಿರಲಿ, ಸೀಲು ಬಿದ್ದ ಪ್ರತಿ ನಿಮ್ಮ ಕೈಗೆ ಬರುವವರೆಗೆ ಕೆಲಸ ಆಯಿತೆಂದು ನಂಬಬೇಡಿ. ನನ್ನನ್ನು ಕಳುಹಿಸಿದರೂ.